ಬಾವಿ ಓಣಿಯ ಶುಕ್ರವಾರದ ಊಟ

ಶುಕ್ರವಾರದ ನಮಾಜು ಮುಗಿಸಿ ಗಂಡಸರು ಮಸೀದಿಯಿಂದ ಹೊರಬೀಳುವ ಹೊತ್ತಿಗೆ ತಾಮು ಒಲೆಯ ಮೇಲಿನ ಹಬೆಪಾತ್ರೆಯನ್ನು ಇಳಿಸಿ, ಕುಸ್ಕುಸ್ಸಿನ ರವೆಯನ್ನು ಅಗಲವಾದ ಮರದ ಹರಿವಾಣಕ್ಕೆ ಸುರಿದು, ಬೆಣ್ಣೆ ಹಾಕಿ, ಸುಡುತ್ತಿರುವಾಗಲೇ ಬರಿಗೈಯಲ್ಲಿ ಉದುರುದುರಾಗಿ ಬಿಡಿಸುತ್ತಿದ್ದಳು. ಅವಳ ಅಂಗೈಗೆ ಬಿಸಿ ತಾಗುತ್ತಿದ್ದ ಕಾಲ ಯಾವತ್ತೋ ಮುಗಿದಿತ್ತು. ಫೆಸ್ ಪಟ್ಟಣದ ಹಳೇಕೋಟೆಯೊಳಗೆ, ಚರ್ಮ ಹದಮಾಡುವ ಹೊಂಡಗಳ ಕಡೆಯಿಂದ ಏರಿಬರುವ ಬಾವಿ ಓಣಿಯಲ್ಲಿ ಅವಳದೊಂದು ಚಿಕ್ಕ ಊಟದ ಮನೆ. ಬಾಗಿಲ ಮೇಲೆ ಬೋರ್ಡಿಲ್ಲ. ಒಳಗೆ ಆರು ಮೇಜು, ಗೋಡೆಗೆ ಆನಿಸಿದ ಒಂದು ಉದ್ದನೆಯ ಬೆಂಚು, ಹಿಂದುಗಡೆ ಹೊಗೆ ಹಿಡಿದ ಅಡುಗೆಕೋಣೆ. ಓಣಿಯವರು "ತಾಮು ಚಿಕ್ಕಮ್ಮನಲ್ಲಿ ಉಂಡೆ" ಎಂದರೆ ಮುಗಿಯಿತು, ಬೇರೆ ಹೆಸರು ಬೇಕಿರಲಿಲ್ಲ.

ಅವಳು ತಾವ್ನಾತ್ ಬೆಟ್ಟದ ಕಡೆಯ ಹುಡುಗಿ. ತಾಮ್ರದ ಪಾತ್ರೆ ಬಡಿಯುವವನೊಬ್ಬನನ್ನು ಮದುವೆಯಾಗಿ ಊರೊಳಗೆ ಬಂದಳು. ಮಕ್ಕಳಾಗಲಿಲ್ಲ. ಇನ್ನೊಂದು ಮದುವೆ ಮಾಡಿಕೋ ಎಂದು ಮನೆಯವರು ಅವನ ಕಿವಿ ತಿಂದರು. ಅವನು ಮಾಡಿಕೊಳ್ಳಲಿಲ್ಲ, ಆದರೆ ಎದೆನೋವಿಗೆ ಸಿಕ್ಕು ಬೇಗ ಹೋಗಿಬಿಟ್ಟ. ಅವನ ಮಣ್ಣು ಆರುವ ಮೊದಲೇ ಅವಳು ಈ ಓಣಿಯ ಬಾಯಲ್ಲಿ ಒಂದು ಪಾತ್ರೆ ಇಟ್ಟುಕೊಂಡು ಕೂತಳು. ಒಣಗಿದ ಕಾಳನ್ನು ಬೇಯಿಸಿ ಮಸೆದ ಬಿಸಾರಾ, ಮೇಲೆ ಆಲಿವ್ ಎಣ್ಣೆ, ಒಂದು ಚಿಟಿಕೆ ಜೀರಿಗೆ ಪುಡಿ. ಚಳಿಗಾಲದ ಬೆಳಗಿನಲ್ಲಿ ಹೊರೆಯಾಳುಗಳು ಅವಳ ಸುತ್ತ ಕುಕ್ಕರುಗಾಲಲ್ಲಿ ಕೂತು ಉಣ್ಣುತ್ತಿದ್ದರು. ಹಾಗೆ ಉಂಡವರೇ ಒಬ್ಬರಿಗೊಬ್ಬರು ಹೇಳಿ, ಹಾಜಾ ಬತೂಲಳ ಮನೆಯ ಕೆಳಗಿನ ಕೋಣೆಯನ್ನು ಅವಳಿಗೆ ಕೊಡಿಸಿದ್ದರು.

ಹಾಜಾ ಬತೂಲ್ ಮೇಲಂತಸ್ತಿನಲ್ಲಿ ಮಗ ಸೊಸೆಯರ ಜೊತೆ ಇದ್ದಳು. ಹಜ್ ಯಾತ್ರೆ ಮುಗಿಸಿ ಬಂದ ದೊಡ್ಡ ಮನೆತನದವಳು, ಮಾತು ಕಡಿಮೆ, ಮಂಡಿನೋವು ಹೆಚ್ಚು. ತಾಮು ಕರಿದ ಮೀನಿನ ವಾಸನೆ ಮೇಲಕ್ಕೆ ಬಂದರೆ ಕಿಟಕಿಯಿಂದ ಒಂದು ಚೊಂಬು ನೀರು ಓಣಿಗೆ ಬೀಳುತ್ತಿತ್ತು. ಅದೇ ಅವಳ ಬೈಗುಳ. ಸೊಸೆ ಕೆಂಝಾ ಮಾತ್ರ ಮೃದು ಸ್ವಭಾವದವಳು. ಮದುವೆಯಾಗಿ ಬಹಳ ವರ್ಷ ಮಡಿಲು ತುಂಬದೆ, ಎಲ್ಲ ಹರಕೆಗಳನ್ನೂ ಹೊತ್ತು, ಕೊನೆಗೆ ಹೋದ ವಾರ ಒಂದು ಹೆಣ್ಣುಮಗು ಹೆತ್ತಿದ್ದಳು. ಆ ಶುಕ್ರವಾರ ಹೆಸರಿಡುವ ದಿನ. ಬೆಳಿಗ್ಗೆಯೇ ಕುರಿ ಕೊಯ್ದು ಸಫಿಯಾ ಎಂದು ಹೆಸರಿಟ್ಟಾಗಿತ್ತು. ಗಂಡಸರ ಊಟ ಬೇರೆ ಕಡೆ, ಮೇಲೆ ಬರೀ ಹೆಂಗಸರ ಹಬ್ಬ. ಅಡುಗೆ ಎಲ್ಲ ತಾಮುವಿನದೇ. ಆದರೆ ಕೆಲಸದವಳ ಕೈಯಲ್ಲಿ ಹಾಜಾ ಹೇಳಿಕಳಿಸಿದ್ದಳು, "ಪಾತ್ರೆಗಳನ್ನ ಮೆಟ್ಟಿಲ ಹತ್ರ ಇಟ್ಟರೆ ಸಾಕು. ಮೇಲೆ ಬರೋ ಶ್ರಮ ತಗೋಬೇಡ ಅನ್ನು." ಮಾತು ನಯವಾಗಿಯೇ ಇತ್ತು. ಮಕ್ಕಳಿಲ್ಲದವಳ ಕಣ್ಣು ಹಸುಗೂಸಿನ ಮೇಲೆ ಬೀಳಬಾರದು ಎನ್ನುವುದು ಅದರೊಳಗಿತ್ತು. ತಾಮುವಿಗೆ ಅರ್ಥವಾಯಿತು. ಅವಳು ಸುಮ್ಮನೆ ಈರುಳ್ಳಿ ಹೆಚ್ಚಿದಳು.

ಕೆಳಗೆ ಮೇಜುಗಳು ತುಂಬಿದವು. ಪ್ರತಿ ಶುಕ್ರವಾರದವರೇ. ಹೇಸರಗತ್ತೆಯ ಮೇಲೆ ಚರ್ಮದ ಮೂಟೆ ಹೇರುವ ಮಿಲೂದಿ, ಚಪ್ಪಲಿ ಹೊಲಿಯುವ ಬೂಶ್ತಾ, ಇನ್ನೂ ಒಂದಷ್ಟು ಜನ. ಕುಸ್ಕುಸ್ಸಿನ ಗುಡ್ಡೆಯ ಮೇಲೆ ಕುಂಬಳ, ಗಜ್ಜರಿ, ಟರ್ನಿಪ್, ನಡುವೆ ಮೆತ್ತಗೆ ಬೆಂದ ಮಾಂಸ, ಪಕ್ಕದಲ್ಲಿ ಮಜ್ಜಿಗೆಯ ಹೂಜಿ. ಮೇಲೆ ದಮ್ಮಡಿ ಶುರುವಾಗಿತ್ತು. ಹೆಂಗಸರು ನಾಲಗೆ ಹೊರಳಿಸಿ ಹಾಕುವ ಯೂಯೂ ಕೂಗು ಓಣಿಯ ತುದಿಯವರೆಗೂ ಕೇಳುತ್ತಿತ್ತು.

"ಚಿಕ್ಕಮ್ಮಾ, ಇವತ್ತು ಕುಸ್ಕುಸ್ಸಿಗೆ ಮರಳು ಬೆರೆಸಿದ್ದೀಯಾ?" ಎಂದ ಬೂಶ್ತಾ, ಬಾಯಾಡಿಸುವುದನ್ನು ನಿಲ್ಲಿಸಿ. "ಹಲ್ಲೆಲ್ಲ ಕರಕರ ಅಂತಿದೆ."

"ನಿನಗಿರೋದೇ ನಾಲ್ಕು ಹಲ್ಲು. ಅದರಲ್ಲಿ ಯಾವುದು ಕರಕರ ಅಂತು?" ಎಂದು ಮಿಲೂದಿ ನಕ್ಕ.

ತಾಮು ನಗಲಿಲ್ಲ. ಬೂಶ್ತಾನ ಮುಂದಿನಿಂದ ಒಂದು ಚಿಟಿಕೆ ತೆಗೆದು ನಾಲಗೆಗೆ ಇಟ್ಟುಕೊಂಡಳು. ಸುಣ್ಣದ ರುಚಿ. ತಲೆಯೆತ್ತಿ ನೋಡಿದಳು. ದೇವದಾರು ತೊಲೆ ಗೋಡೆಯೊಳಗೆ ಸೇರುವ ಜಾಗದಿಂದ ಜರಡಿ ಹಿಡಿದ ಹಿಟ್ಟಿನಂತೆ ಬಿಳಿಯ ಪುಡಿ ಇಳಿಯುತ್ತಿತ್ತು. ದಮ್ಮಡಿಯ ಪೆಟ್ಟು ಬಿದ್ದಾಗ ಇಳಿಯುವುದು, ನಿಂತಾಗ ನಿಲ್ಲುವುದು.

ಪಕ್ಕದಲ್ಲಿ ಮೊದಲು ಒಂದು ಪಾಳುಮನೆ ಇತ್ತು. ಅದನ್ನು ಕೆಡವಿ ಕಲ್ಲು ಸಾಗಿಸಿದ ಮೇಲೆ ಈ ಮನೆಯ ಹಿಂದಿನ ಗೋಡೆ ಆಸರೆಯಿಲ್ಲದೆ ಬರಿಮೈಯಲ್ಲಿ ನಿಂತಿತ್ತು. ಚಳಿಗಾಲದ ಮಳೆಯೆಲ್ಲ ಅದರ ಮೇಲೆಯೇ ಸುರಿಯಿತು. ಬಿರುಕು ಕಂಡಾಗ ತಾಮು ಹೋಗಿ ಹೇಳಿದ್ದಳು. ಹಾಜಾ ಗಾರೆಯವನನ್ನು ಕರೆಸಿ ಸುಣ್ಣ ಮೆತ್ತಿಸಿ, "ನಿನಗೆ ಎಲ್ಲಾದರಲ್ಲೂ ಕೆಟ್ಟದ್ದೇ ಕಾಣುತ್ತೆ" ಎಂದಿದ್ದಳು. ಇವತ್ತು ಬೆಳಿಗ್ಗೆ ಅಡುಗೆಕೋಣೆಯ ಹಿಂಬಾಗಿಲು ಹಿಡಿದುಕೊಂಡಿತ್ತು. ಮರ ನೆನೆದು ಊದಿದೆ ಎಂದುಕೊಂಡು ತಾಮು ಭುಜಕೊಟ್ಟು ತಳ್ಳಿ ತೆರೆದಿದ್ದಳು.

ಈಗ ಹೋಗಿ ತಳ್ಳಿದಳು. ಕದ ಅಲುಗಲೇ ಇಲ್ಲ. ಚೌಕಟ್ಟು ಒಂದು ಕಡೆಗೆ ವಾಲಿತ್ತು. ಹೊಸ ಸುಣ್ಣದ ಮೇಲೆ ಬಿರುಕು ಮತ್ತೆ ಬಾಯಿಬಿಟ್ಟಿತ್ತು. ಅಷ್ಟರಲ್ಲಿ ಮಜ್ಜಿಗೆ ಹೂಜಿ ತುಂಬಿಸಿಕೊಳ್ಳಲು ಮಿಲೂದಿ ಒಳಗೆ ಬಂದ.

"ಮಿಲೂದಿ, ಇಲ್ಲಿ ಕೈ ಇಟ್ಟು ನೋಡಪ್ಪಾ."

ಅವನು ಬೆರಳು ಇಟ್ಟ. ಬೆರಳು ಗೆಣ್ಣಿನವರೆಗೂ ಒಳಗೆ ಹೋಯಿತು. ಅವನ ಮುಖದಲ್ಲಿದ್ದ ನಗು ಹಾಗೇ ಇಂಗಿತು. "ಚಿಕ್ಕಮ್ಮಾ... ಒಳಗೇನೋ ಅದುರ್ತಾ ಇದೆ. ಉಸಿರಾಡ್ದಂಗಿದೆ."

ಅವಳು ತಿರುಗಿ ಮೇಜುಗಳ ನಡುವೆ ಬಂದು ನಿಂತಳು. "ಎಲ್ರೂ ಏಳಿ. ಕೈಯಲ್ಲಿರೋ ತುತ್ತು ಕೆಳಗಿಡಿ. ಹೊರಗೆ ನಡೀರಿ."

ಯಾರೂ ಏಳಲಿಲ್ಲ. ಉಣ್ಣುವವನನ್ನು ಎಬ್ಬಿಸುವುದೆಂದರೆ ಆ ಊರಿನಲ್ಲಿ ಕಪಾಳಕ್ಕೆ ಹೊಡೆದ ಹಾಗೆ. ಅದೂ ಶುಕ್ರವಾರ, ಅದೂ ತಾಮುವಿನ ಬಾಯಿಂದ. ಅವಳು ತಮಾಷೆ ಮಾಡುತ್ತಿದ್ದಾಳೆ ಎಂದು ಕೆಲವರು ನಕ್ಕರು.

"ಗೋಡೆ ಬೀಳೋ ಹಂಗಿದೆ. ಏಳಿ!"

"ಈ ಗೋಡೆ ನಮ್ಮಜ್ಜನ ಕಾಲದಿಂದ ಬೀಳೋ ಹಂಗೇ ಇದೆ," ಎಂದ ಬೂಶ್ತಾ. "ನಮ್ಮನೇನೂ ಹಂಗೇ ಇದೆ. ಹಸಿದು ಬಂದಿದೀವಿ ಚಿಕ್ಕಮ್ಮಾ. ನಾಯಿಗೂ ಯಾರೂ ಹಿಂಗೆ ಮಾಡಲ್ಲ."

ತಾಮು ಬೂಶ್ತಾನ ಮುಂದಿದ್ದ ಹರಿವಾಣವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಓಣಿಗೆ ನಡೆದಳು. ಮೂಲೆಯಲ್ಲಿ ನೀರಿನ ಕಟ್ಟೆ ಇದೆ. ಅದರ ಮೇಲಿಟ್ಟು ಬಂದು ಎರಡನೆಯದನ್ನು ಎತ್ತಿದಳು. ಮಿಲೂದಿ ಮೂರನೆಯದನ್ನು ಎತ್ತಿದ. ಬೈಯುತ್ತ, ಗೊಣಗುತ್ತ, ಬೆರಳು ನೆಕ್ಕುತ್ತ ಗಂಡಸರು ತಮ್ಮ ತಟ್ಟೆಗಳ ಹಿಂದೆಯೇ ಎದ್ದುಬಂದರು. ಕೋಣೆ ಖಾಲಿಯಾಯಿತು. ಗ್ಯಾಸ್ ಆರಿಸಿ ಅವಳು ಹೊರಗೆ ಬಂದಾಗ ಬೂಶ್ತಾ ಕಟ್ಟೆಯ ಮೇಲೆ ಕೂತು, "ಇನ್ನು ಸತ್ತರೂ ನಿನ್ನ ಬಾಗಿಲು ತುಳಿಯಲ್ಲ" ಎಂದು ಕೂಗುತ್ತಿದ್ದ.

ಅವಳಿಗೆ ಕೇಳಿಸಿತೋ ಇಲ್ಲವೋ. ಅವಳು ಮೇಲಿನ ಕಿಟಕಿಯನ್ನೇ ನೋಡುತ್ತಿದ್ದಳು. ಅಲ್ಲಿ ದಮ್ಮಡಿಗಳ ಸದ್ದು ಏರುತ್ತಿತ್ತು.

ಮೆಟ್ಟಿಲು ಕಡಿದು, ಕತ್ತಲು, ಒಬ್ಬರು ಇಳಿದರೆ ಒಬ್ಬರು ಹತ್ತಲಾಗದಷ್ಟು ಇಕ್ಕಟ್ಟು. ತಾಮು ಗೋಡೆ ಹಿಡಿದು ಹತ್ತಿದಳು. ಮೇಲಿನ ತುದಿಯಲ್ಲಿ ಹಾಜಾ ಬತೂಲ್ ದಿಂಬಿನ ಮೇಲೆ ಕೂತು ಬಂದವರನ್ನು ಬರಮಾಡಿಕೊಳ್ಳುತ್ತಿದ್ದಳು. ಇವಳನ್ನು ಕಂಡು ಹುಬ್ಬು ಗಂಟಾಯಿತು.

"ಇನ್ನೂ ಬಡಿಸೋ ಹೊತ್ತಾಗಿಲ್ವಲ್ಲ. ಯಾಕೆ ಬಂದೆ?"

ತಾಮು ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದಳು. "ಹಾಜಾ, ದಮ್ಮಡಿ ನಿಲ್ಲಿಸಿ. ಎಲ್ಲರನ್ನೂ ಮೆಲ್ಲಗೆ ಕೆಳಗಿಳಿಸಿ. ಹಿಂದಿನ ಗೋಡೆ ಬಿಡ್ತಾ ಇದೆ."

ಹಾಜಾ ಅವಳನ್ನೇ ನೋಡಿದಳು. "ಇವತ್ತು ನನ್ನ ಮೊಮ್ಮಗಳಿಗೆ ಹೆಸರಿಟ್ಟಿದೀವಿ. ಇವತ್ತೇ ನಿನ್ನ ಬಾಯಿಂದ ಈ ಮಾತು ಬರಬೇಕಾ?"

"ನನ್ನ ಬಾಯಿ ಸುಟ್ಟುಹೋಗ್ಲಿ. ಸುಳ್ಳಾದ್ರೆ ನಾಳೆ ಊರೆಲ್ಲ ಸೇರಿ ನನಗೆ ಉಗೀರಿ. ಈಗ ಇಳಿಸಿ, ನಿಮ್ಮ ಕಾಲು ಹಿಡೀತೀನಿ."

"ನನಗೆ ಗೊತ್ತು ತಾಮು. ಬೆಳಿಗ್ಗೆಯಿಂದ ನಿನ್ನ ಹೊಟ್ಟೆಯೊಳಗೆ ಏನು ಉರೀತಿದೆ ಅಂತ ಗೊತ್ತು." ಹಾಜಾ ಧ್ವನಿ ಏರಿಸಲಿಲ್ಲ. "ತುಂಬದ ಮಡಿಲಿನವರು ತುಂಬಿದ ಮನೆ ನೋಡಲಾರರು. ಹೋಗು, ದೇವರು ನಿನ್ನ ಕ್ಷಮಿಸಲಿ."

ಇಷ್ಟು ವರ್ಷ ಜನರ ನೋಟದಲ್ಲಿ ಓದಿದ್ದ ಮಾತನ್ನು ತಾಮು ಮೊದಲ ಸಲ ಕಿವಿಯಿಂದ ಕೇಳಿದಳು. ಎದೆಗೆ ಚುಚ್ಚಿತು. ಆದರೆ ಅದಕ್ಕೆ ನೋಯುತ್ತ ನಿಲ್ಲಲು ಪುರುಸೊತ್ತಿರಲಿಲ್ಲ. ಹಾಜಾಳನ್ನು ದಾಟಿ ಒಳಗೆ ನುಗ್ಗಿ ಕೂಗಿದಳು, "ಇಳೀರಿ! ಮನೆ ಬೀಳುತ್ತೆ, ಇಳೀರಿ!" ಹಾಜಾ ಬಾರಿಸುವವರ ಕಡೆ ಕೈಬೀಸಿದಳು. ದಮ್ಮಡಿ ಇನ್ನೂ ಜೋರಾಯಿತು. ಹೆಂಗಸರ ಕೂಗಿನಲ್ಲಿ ತಾಮುವಿನ ಕೂಗೂ ಹರ್ಷದ ಕೂಗಿನಂತೆ ಬೆರೆತು ಹೋಯಿತು. ಯಾರೋ ಅವಳ ಕೈಹಿಡಿದು ಕುಣಿತಕ್ಕೇ ಎಳೆದರು. ಕಾಲಡಿಯ ನೆಲ ಚಾಪೆಯಂತೆ ಮೆತ್ತಗೆ ಕುಸಿದು ಏಳುತ್ತಿತ್ತು. ಇಷ್ಟು ಜನರಲ್ಲಿ ಒಬ್ಬರಿಗೂ ಅದು ತಿಳಿಯುತ್ತಿಲ್ಲವಲ್ಲ ಎಂದು ಅವಳು ಕೈ ಬಿಡಿಸಿಕೊಂಡು ಸುತ್ತ ನೋಡಿದಳು.

ಎದುರಿಗೆ ಅಲಂಕರಿಸಿದ ಆಸನದಲ್ಲಿ ಕೆಂಝಾ ಹಸಿರು ಕಫ್ತಾನು ತೊಟ್ಟು, ಗೋರಂಟಿ ಹಚ್ಚಿದ ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದಳು. ಪಕ್ಕದ ದಿಂಬಿನ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗು. ತಾಮು ಅದನ್ನು ನೋಡಿದ್ದು ಆಗಲೇ ಮೊದಲು.

ಆ ಕ್ಷಣ ಅವಳಿಗೆ ತಟ್ಟೆಗಳ ಹಿಂದೆ ಎದ್ದುಬಂದ ಗಂಡಸರ ನೆನಪಾಯಿತು. ಬರೀ ಮಾತಿಗೆ ಇವರೂ ಕೆಳಗಿಳಿಯುವುದಿಲ್ಲ.

ಅವಳು ಹೋಗಿ ಮಗುವನ್ನು ಎತ್ತಿಕೊಂಡಳು. ಹರಸಲು ಬಂದಳೆಂದು ಕೆಂಝಾ ಮುಖವೆತ್ತಿ ನಕ್ಕಳು. ತಾಮು ಮಗುವನ್ನು ಎದೆಗೆ ಒತ್ತಿಕೊಂಡು ತಿರುಗಿ ಮೆಟ್ಟಿಲ ಕಡೆಗೆ ನಡೆದಳು.

"ಚಿಕ್ಕಮ್ಮಾ?" ಎಂದಳು ಕೆಂಝಾ. ಮತ್ತೆ, "ಚಿಕ್ಕಮ್ಮಾ! ಎಲ್ಲಿಗೆ?" ಆಮೇಲೆ ಅವಳು ಚೀರಿದ ಚೀರಿಗೆ ದಮ್ಮಡಿಗಳು ಒಂದೇ ಪೆಟ್ಟಿಗೆ ನಿಂತವು.

ಹಾಜಾ ಕೂತಲ್ಲಿಂದಲೇ ಕೈಚಾಚಿ ತಾಮುವಿನ ನಿಲುವಂಗಿಯನ್ನು ಹಿಡಿದಳು. ಬಟ್ಟೆ ಪರ್ರನೆ ಹರಿಯಿತು. ತಾಮು ಕತ್ತಲಲ್ಲಿ ಬೆನ್ನನ್ನು ಗೋಡೆಗೆ ಒರೆಸಿಕೊಂಡು, ಮಗುವಿನ ತಲೆಗೆ ಅಂಗೈ ಮುಚ್ಚಿಕೊಂಡು ಇಳಿದಳು. ಹಿಂದೆ ಹೆಂಗಸರ ಹಿಂಡೇ ಉರುಳಿಬಂದಂತೆ ಬರುತ್ತಿತ್ತು. "ಕಳ್ಳಿ! ಮಗು ಕದ್ಲು! ಹಿಡೀರಿ!" ಅವಳು ಬಾಗಿಲಲ್ಲಿ ನಿಲ್ಲಲಿಲ್ಲ. ನಿಂತರೆ ಅವರೂ ಅಲ್ಲೇ ನಿಲ್ಲುತ್ತಾರೆ. ಓಣಿಯುದ್ದಕ್ಕೂ ಓಡಿ, ನೀರಿನ ಕಟ್ಟೆ ದಾಟಿ, ಓಣಿ ಅಗಲವಾಗುವ ಜಾಗದವರೆಗೂ ಹೋಗಿ ಬಗ್ಗಿ ಕುಳಿತಳು. ಮೊದಲ ಏಟು ಬೆನ್ನಿಗೆ ಬಿತ್ತು. ಆಮೇಲೆ ಎಣಿಸುವ ಹಾಗಿರಲಿಲ್ಲ. ಕೈಯಿಂದ, ಕಾಲಿಂದ. ಯಾರೋ ತಲೆವಸ್ತ್ರ ಕಿತ್ತು ಕೂದಲು ಹಿಡಿದು ಎಳೆದರು. ಅವಳು ಮಗುವಿನ ಮೇಲೆ ಕಮಾನಿನಂತೆ ಬಗ್ಗಿ ಏಟು ತಿಂದಳು. ಕೆಂಝಾಳ ಗೋರಂಟಿಯ ಕೈ ಕಂಡ ಮೇಲೆಯೇ ತೋಳು ಬಿಡಿಸಿದಳು.

"ತಗೋ ಮಗಳೇ. ಏನೂ ಆಗಿಲ್ಲ. ಎಲ್ರೂ ಬಂದ್ರಾ? ಹಾಜಾ ಎಲ್ಲಿ?"

"ಹಾಜಾ ಹೆಸರು ಎತ್ತಬೇಡ ನೀನು!" ಎಂದು ಕೆಂಝಾಳ ಅಕ್ಕ ಕೂದಲನ್ನು ಇನ್ನೊಂದು ಸುತ್ತು ಸುತ್ತಿಕೊಂಡಳು. ಇನ್ನೊಬ್ಬಳು ಮೊಬೈಲಿನಲ್ಲಿ ಪೊಲೀಸರಿಗೆ ಹೇಳುತ್ತಿದ್ದಳು.

"ಹಾಜಾ ಒಳಗೇ ಇದ್ದಾರೆ! ಮಂಡಿನೋವಿನ ಹೆಂಗಸು, ಇಳಿಯೋಕಾಗಲ್ಲ. ಮಿಲೂದಿ! ಹಾಜಾ ಒಳಗಿದ್ದಾರೆ ಕಣೋ!"

ಮಿಲೂದಿ ಆಗಲೇ ಓಡಿದ್ದ. ಬೂಶ್ತಾ ಕಟ್ಟೆಯ ಮೇಲಿನಿಂದ ಎದ್ದು, ಒಂದು ಕ್ಷಣ ಆ ಮನೆಯನ್ನು, ಒಂದು ಕ್ಷಣ ತಾಮುವನ್ನು ನೋಡಿ, ಕೈಯಲ್ಲಿದ್ದ ತುತ್ತನ್ನು ಎಸೆದು ಅವನ ಹಿಂದೆ ಹೋದ. ಒಳಗಿನಿಂದ ಬೂಶ್ತಾ ಕೋಣೆಕೋಣೆಗೂ ಹೋಗಿ "ಯಾರಾದ್ರೂ ಇದ್ದೀರಾ? ಇದ್ರೆ ಬಾಯಿಬಿಡಿ!" ಎಂದು ಕೂಗುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲಲ್ಲಿ ಹಾಜಾಳ ಧ್ವನಿ.

"ಇಳಿಸೋ ನನ್ನ! ಕತ್ತೆಗೆ ಹೊರಿಸೋನೇ, ನನ್ನ ಮೈ ಮುಟ್ಟೋಕೆ ಎಷ್ಟೋ ಧೈರ್ಯ!"

"ಒದ್ದೆ ಚರ್ಮದ ಮೂಟೆಗಿಂತ ನೀವು ಹಗುರ ಇದ್ದೀರಿ ಹಾಜಾ. ಕುತ್ತಿಗೆ ಮಾತ್ರ ಹಿಸುಕಬೇಡಿ."

ಅವಳನ್ನು ಬೆನ್ನ ಮೇಲೆ ಹೊತ್ತು ಮಿಲೂದಿ ಹೊರಗೆ ಬಂದ. ಬೂಶ್ತಾ ಬಂದು, "ಯಾರೂ ಇಲ್ಲ, ಖಾಲಿ" ಎಂದ.

ಎಲ್ಲರೂ ಮನೆಯ ಕಡೆ ನೋಡಿದರು. ಮನೆ ನಿಂತಿತ್ತು. ಕಿಟಕಿಯ ಹಸಿರು ಪರದೆ ಗಾಳಿಗೆ ಆಡುತ್ತಿತ್ತು. ಒಂದು ಪಾರಿವಾಳ ಸೂರಿನ ಮೇಲೆ ಬಂದು ಕೂತಿತು. ಹೊತ್ತು ಹೋಯಿತು. ಒಂದು ಕಲ್ಲೂ ಅಲುಗಲಿಲ್ಲ.

"ಎಲ್ಲಿ ಬಿತ್ತು?" ಎಂದಳು ಕೆಂಝಾಳ ಅಕ್ಕ. "ಬಾಣಂತಿ ಬರಿಗಾಲಲ್ಲಿ ಬೀದೀಲಿ ನಿಂತಿದ್ದಾಳೆ, ನೋಡು ಮಾರಾಯ್ತಿ! ನಿನ್ನ ಕಣ್ಣು ತಣ್ಣಗಾಯ್ತಾ?"

ಹೆಂಗಸರಿಗೆ ಈಗ ಬಿಟ್ಟುಬಂದ ಚಪ್ಪಲಿ, ಕೈಚೀಲ, ಮಂಚದ ಮೇಲೆ ಕಳಚಿಟ್ಟ ಬಳೆಗಳ ನೆನಪಾಯಿತು. ಕೆಂಝಾಳ ಅಕ್ಕ ಇಬ್ಬರನ್ನು ಕರೆದುಕೊಂಡು ಬಾಗಿಲ ಕಡೆಗೆ ಹೊರಟಳು. ತಾಮು ಎದ್ದು, ಹರಿದ ನಿಲುವಂಗಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಅವರಿಗಿಂತ ಮುಂಚೆ ಹೋಗಿ ಹೊಸ್ತಿಲ ಮೇಲೆ ಅಡ್ಡ ಕೂತುಬಿಟ್ಟಳು.

"ನನ್ನ ತುಳ್ಕೊಂಡು ಹೋಗಿ."

"ಹುಚ್ಚು ಹಿಡಿದಿದೆ ಇವಳಿಗೆ!"

"ಹಿಡಿದಿರಲಿ. ಕತ್ತಲಾಗೋವರೆಗೆ ಯಾರೂ ಒಳಗೆ ಹೋಗಬೇಡಿ. ನಾಳೆ ಬೆಳಿಗ್ಗೆ ಈ ಮನೆ ಹಿಂಗೇ ನಿಂತಿದ್ರೆ ನಾನು ಊರು ಬಿಟ್ಟು ಹೋಗ್ತೀನಿ."

ಅವಳ ಬೆನ್ನಿಗೆ ಗೋಡೆ ತಣ್ಣಗೆ ಇತ್ತು. ಸುತ್ತ ನಿಂತವರ ಕಣ್ಣು ಅವಳ ಮೇಲಿತ್ತು. ನಿಜವಾಗಿಯೂ ಬೀಳದಿದ್ದರೆ? ಸುಣ್ಣದ ಪುಡಿ ಯಾವ ಹಳೆಯ ಮನೆಯಲ್ಲಿ ಉದುರುವುದಿಲ್ಲ? ಹಾಜಾ ಅಂದದ್ದೇ ನಿಜವಾಗಿದ್ದರೆ, ತನಗೇ ತಿಳಿಯದ ಹಾಗೆ ತನ್ನೊಳಗೆ ಏನೋ ಉರಿದು ಈ ಕೆಲಸ ಮಾಡಿಸಿದ್ದರೆ? ಬೀಳು, ಈಗಲೇ ಬಿದ್ದುಬಿಡು ಎಂದು ತನ್ನ ಮನಸ್ಸು ಗೋಡೆಯನ್ನು ಬೇಡುತ್ತಿರುವುದು ಅವಳಿಗೆ ಗೊತ್ತಾಯಿತು. ಒಂದು ಸಂಸಾರದ ಸೂರು ಬೀಳಲಿ ಎಂದು ಬೇಡುತ್ತಿದ್ದೇನಲ್ಲ ಎಂದು ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡಳು.

ದಪ್ಪ ಬಟ್ಟೆಯನ್ನು ಯಾರೋ ನಿಧಾನವಾಗಿ ಸೀಳಿದಂಥ ಸದ್ದು ಒಳಗಿನಿಂದ ಬಂತು. ಪಾರಿವಾಳ ಹಾರಿತು.

"ಚಿಕ್ಕಮ್ಮಾ, ಏಳು!" ಮಿಲೂದಿ ಓಡಿಬಂದು ಅವಳ ಎರಡೂ ಕಂಕುಳಿಗೆ ಕೈಹಾಕಿ ಎಳೆದ. ಕೆಂಝಾಳ ಅಕ್ಕನನ್ನು ಬೂಶ್ತಾ ಎಳೆದ. ನಾಲ್ಕಾರು ಮಾರು ಹೋಗಿರಬಹುದು. ಮನೆಯ ಹಿಂಭಾಗ ಮೊದಲು ಕೂತಿತು. ಆಮೇಲೆ ಮಹಡಿ ತನ್ನ ಭಾರಕ್ಕೆ ತಾನೇ ಮಡಚಿಕೊಂಡು, ಹಸಿರು ಪರದೆಯ ಸಮೇತ, ಆರು ಮೇಜುಗಳ ಮೇಲೆ ಇಳಿಯಿತು. ಓಣಿಯ ತುಂಬ ಬಿಳಿಯ ಧೂಳು ಎದ್ದು ಹಗಲು ಮುಚ್ಚಿಹೋಯಿತು.

ಧೂಳಿನೊಳಗೆ ಮೊದಲು ಮಗುವಿನ ಅಳು ಕೇಳಿತು. ಆಮೇಲೆ ಹೆಸರುಗಳು. ಒಬ್ಬೊಬ್ಬಳೂ ತನ್ನವರ ಹೆಸರು ಹಿಡಿದು ಕೂಗುವುದು, ಇನ್ನೊಂದು ಕಡೆಯಿಂದ "ಇಲ್ಲಿದ್ದೀನಿ" ಎಂದು ಬರುವುದು. ಬೂಶ್ತಾ ಪ್ರತಿಯೊಬ್ಬರ ಮುಖ ಒರೆಸಿ ಒರೆಸಿ ನೋಡುತ್ತಿದ್ದ. ಒಬ್ಬರೂ ಕಡಿಮೆಯಿರಲಿಲ್ಲ. ಕೆಂಝಾಳ ಅಕ್ಕ ತನ್ನ ಬೆರಳುಗಳ ನಡುವೆ ಇನ್ನೂ ಸಿಕ್ಕಿಕೊಂಡಿದ್ದ ನರೆಗೂದಲಿನ ಎಳೆಗಳನ್ನು ನೋಡಿ ಅಲ್ಲೇ ಕುಸಿದು ಅಳತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದು ಬಂದು ತಾಮುವನ್ನು ಕಟ್ಟೆಯ ನಲ್ಲಿಯ ಹತ್ತಿರ ಕೂರಿಸಿ, ಕಣ್ಣು ಮೂಗಿನ ಸುಣ್ಣ ತೊಳೆದಳು.

ಅಷ್ಟರಲ್ಲಿ ಪೊಲೀಸರಿಬ್ಬರು ಮೂಗಿಗೆ ಬಟ್ಟೆ ಹಿಡಿದು ಧೂಳಿನೊಳಗಿಂದ ಬಂದರು. ಅವರಿಗೆ ಸಿಕ್ಕಿದ್ದ ಸುದ್ದಿಯೇ ಬೇರೆ.

"ಮಗು ಕದ್ದವಳು ಯಾರು?"

ಕಟ್ಟೆಯ ಮೇಲೆ ಕೂತಿದ್ದ ಹಾಜಾ ಬತೂಲ್ ಬಾಯಿ ತೆರೆದಳು. ಅವಳಿಗಿಂತ ಮೊದಲು ಕೆಂಝಾ ಮುಂದೆ ಬಂದಳು. ಹಸಿರು ಕಫ್ತಾನು ಬೂದಿಯ ಬಣ್ಣವಾಗಿತ್ತು.

"ಯಾರೂ ಕದ್ದಿಲ್ಲ. ಕೆಳಗೆ ಕರ್ಕೊಂಡು ಹೋಗು ಅಂತ ನಾನೇ ಎತ್ತಿ ಕೊಟ್ಟೆ."

ಪೊಲೀಸನು ಹಾಜಾಳ ಕಡೆ ನೋಡಿದ. ಹಾಜಾ ಬಾಯಿ ಮುಚ್ಚಿಕೊಂಡಳು.

ತಾಮುವಿನ ಊಟದ ಮನೆಯಲ್ಲಿ ಉಳಿದದ್ದು ಹೊರಗೆ ಸಾಗಿಸಿದ್ದ ಹರಿವಾಣಗಳು ಮಾತ್ರ. ಕೆಲವು ತಿಂಗಳು ಅವಳು ಮಿಲೂದಿಯ ಮನೆಯಲ್ಲಿ, ಅವನ ಹೆಂಡತಿಯ ಜೊತೆ ಇದ್ದಳು. ಮನೆಯೊಳಗೆ ನಿದ್ದೆ ಬಾರದೆ ಅಂಗಳದಲ್ಲಿ ಮಲಗುತ್ತಿದ್ದಳು. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಎದ್ದು ನಿಂತುಬಿಡುತ್ತಿದ್ದಳು. ಬೇಸಿಗೆ ಕಳೆದ ಮೇಲೆ ಕೋಟೆಬಾಗಿಲ ಹೊರಗೆ ಒಂದು ತಗಡಿನ ಚಾವಣಿಯ ಕೋಣೆ ಸಿಕ್ಕಿತು. ಮೇಲೆ ಯಾರೂ ಇಲ್ಲ ಎಂದು ಕೇಳಿಯೇ ಹೂಂ ಎಂದಳು. ಹಳೆಯ ಗಿರಾಕಿಗಳು ಅಷ್ಟು ದೂರ ನಡೆದು ಬರುತ್ತಾರೆ. ಬೂಶ್ತಾ ಎಲ್ಲರಿಗಿಂತ ಮುಂಚೆ ಬಂದು ಕೂರುತ್ತಾನೆ, ಕೊಸರಾಡುವುದನ್ನು ಮಾತ್ರ ಬಿಟ್ಟಿಲ್ಲ.

ಹಾಜಾ ಬತೂಲ್ ಈಗ ಮಗನ ಜೊತೆ ಕೋಟೆಯಾಚೆಯ ಹೊಸ ಊರಿನ ಬಾಡಿಗೆ ಮನೆಯಲ್ಲಿದ್ದಾಳೆ. ಕ್ಷಮೆ ಕೇಳುವ ಜಾತಿಯವಳಲ್ಲ. ಯಾರಾದರೂ ಆ ದಿನದ ಮಾತೆತ್ತಿದರೆ, "ಒಳ್ಳೇ ಕೆಲಸಾನೇ ಮಾಡಿದಳು, ಇಲ್ಲ ಅನ್ನಲ್ಲ. ಆದರೆ ಸರಿಯಾಗಿ ಹೇಳಿದ್ರೆ ನಾವೇ ಇಳೀತಿದ್ವಪ್ಪ" ಎನ್ನುತ್ತಾಳೆ.

ಕೆಂಝಾ ಇದನ್ನು ಒಮ್ಮೆ ತಾಮುವಿಗೆ ಹೇಳಿದಳು. ಮಗುವನ್ನು ಕರೆದುಕೊಂಡು ಊಟಕ್ಕೆ ಬಂದಿದ್ದಳು. ತಾಮು ಒಲೆಯ ಮುಂದಿನಿಂದ ಏಳದೆ, ಸೊಂಟ ಹಿಡಿದುಕೊಂಡು ನಕ್ಕಳು.

"ಹಂಗೇ ಅನ್ನಲಿ ಬಿಡು ಮಗಳೇ, ದೊಡ್ಡವರು," ಎಂದಳು. "ಬಾ, ಆರೋಗುತ್ತೆ. ಕೂತ್ಕೋ."